ಕೃತಕ ಬುದ್ಧಿಗೆ ನಾವು 'ಬುದ್ಧೀ' ಅನ್ನೋದಿಲ್ಲ

ನಮ್ಮ ಸೀಮೆಯ ಕೇರಿಗಳಲ್ಲಿ ಹುಟ್ಟಿದವರಿಗೆ 'ಬುದ್ಧಿ' ಅಂದರೆ ತಲೆಯೊಳಗಿನ ವಸ್ತು ಆಗಿರಲಿಲ್ಲ. ಎದುರಿಗೆ ನಿಂತ ಯಜಮಾನನನ್ನು ಕೂಗುವ ಹೆಸರು ಅದು. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ನಮ್ಮ ಅಜ್ಜಂದಿರು ಹೆಗಲ ಮೇಲಿನ ವಲ್ಲಿಯನ್ನು ಕಂಕುಳಿಗೆ ಇಳಿಸಿ, ಕಾಲಿನ ಎಕ್ಕಡ ಕೈಗೆ ತಗೊಂಡು, 'ಬುದ್ಧೀ' ಅಂತ ಕೂಗಿ ದೂರದಲ್ಲಿ ನಿಲ್ಲುತ್ತಿದ್ದರು. ಬುದ್ಧಿ ಜಗಲಿಯ ಮೇಲೆ, ನಾವು ಅಂಗಳದ ಆಚೆ. ಬುದ್ಧಿ ಹೇಳುತ್ತಿತ್ತು, ನಾವು ಮಾಡುತ್ತಿದ್ದೆವು. ಯಾಕೆ ಅಂತ ಕೇಳುವ ಹಾಗಿರಲಿಲ್ಲ. 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ ಊರೂರಿಗೆ ಬಂದ ಮೇಲೆ ನಮ್ಮವರ ಬಾಯಿಂದ ಉದುರಿಹೋದ ಮಾತುಗಳಲ್ಲಿ ಇದೂ ಒಂದು. ಇನ್ನೂ ಪೂರ್ತಿ ಉದುರಿಲ್ಲ ಅನ್ನೋದೂ ನಿಜ.

ಈಗ ಇನ್ನೊಂದು ಬುದ್ಧಿ ಬಂದಿದೆ. ಪೇಪರಿನವರು ಕೃತಕ ಬುದ್ಧಿಮತ್ತೆ ಅಂತ ಬರೀತಾರೆ. ಕಾಲೇಜಿನ ಹುಡುಗರು ಎಐ ಅಂತಾರೆ. ಬ್ಯಾಂಕಿಗೆ, ಕಂಪನಿಗೆ ಬಂದದ್ದು ಬರಲಿ, ಅದು ನಮ್ಮ ಆಸ್ಪತ್ರೆಗಳ ಬಾಗಿಲಿಗೂ ಬಂದಿದೆ. ಅದಕ್ಕೇ ಇದನ್ನು ಬರೆಯಬೇಕಾಯಿತು. ನಾವು ಡಾಕ್ಟರಲ್ಲ. ಕನ್ನಡ ಎಂ.ಎ. ಓದಿ, ನಾಲ್ಕು ಪದ್ಯ ಬರೆದು, ಮನೆಯಲ್ಲಿ ಮೊದಲು ಡಿಗ್ರಿ ಕಂಡವರು. ಆದರೆ ಕೇರಿಯಲ್ಲಿ ಓದಿದವರು ಒಬ್ಬರಿದ್ದರೆ ಎಲ್ಲರ ಆಸ್ಪತ್ರೆ ಚೀಟಿಯನ್ನೂ ಅವರೇ ಓದಬೇಕು. ಯಾರಿಗೆ ಎದೆನೋವು ಬಂದರೂ ಅವರೇ ಜೊತೆಗೆ ಹೋಗಬೇಕು. ಹಂಗೆ ಹೋಗಿ ಹೋಗಿ, ಬೆಂಚಿನ ಮೇಲೆ ಕೂತು ಕಂಡದ್ದು, ಪರಿಚಯದ ಡಾಕ್ಟರುಗಳನ್ನು ಕೇಳಿದ್ದು, ಹುಡುಕಿ ಓದಿದ್ದು, ಎಲ್ಲ ಸೇರಿ ಈ ಬರಹ ಆಗಿದೆ.

ಮೊದಲು ಈ ಬುದ್ಧಿ ಏನು ಅಂತ ಸರಳವಾಗಿ ಹೇಳಿಬಿಡುತ್ತೇವೆ. ಲಕ್ಷಾಂತರ ಎಕ್ಸ್‌ರೇ, ಇಸಿಜಿ, ರೋಗಿಗಳ ದಾಖಲೆ, ಇವನ್ನೆಲ್ಲ ಕಂಪ್ಯೂಟರಿಗೆ ತೋರಿಸುತ್ತಾರೆ. ಇಂಥ ನೆರಳಿದ್ದವರಿಗೆ ಇಂಥ ರೋಗವಿತ್ತು, ಇಂಥ ಗೆರೆ ಬಂದವರಿಗೆ ಹೃದಯಾಘಾತವಾಗಿತ್ತು ಅಂತ ಅದು ಲೆಕ್ಕ ಕಟ್ಟಿಕೊಳ್ಳುತ್ತದೆ. ಹೊಸ ರೋಗಿ ಬಂದಾಗ ಆ ಹಳೆಯ ಲೆಕ್ಕಕ್ಕೆ ಹೋಲಿಸಿ ಒಂದು ಮಾತು ಹೇಳುತ್ತದೆ. ಅಷ್ಟೆ. ಅದರಲ್ಲಿ ಮಾಯ ಮಂತ್ರ ಇಲ್ಲ. ಹಿಂದೆ ಕಂಡದ್ದನ್ನು ಮುಂದೆ ಹೇಳುತ್ತದೆ. ಹಿಂದೆ ಯಾರನ್ನು ಕಂಡಿರಲಿಲ್ಲವೋ ಅವರ ವಿಚಾರ ಅದಕ್ಕೆ ಗೊತ್ತಿರುವುದಿಲ್ಲ.

2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನೂರು ದಿನಗಳ ಕ್ಷಯರೋಗ ಅಭಿಯಾನ ಶುರುಮಾಡಿತು. ಕೈಯಲ್ಲಿ ಹಿಡಿದು ಓಡಾಡುವಂಥ ಎಕ್ಸ್‌ರೇ ಪೆಟ್ಟಿಗೆಗಳು ದೇಶದ ಹಳ್ಳಿಗಳಿಗೆ ಹೋದವು. ಚಿತ್ರ ತೆಗೆದ ಒಂದು ನಿಮಿಷದೊಳಗೆ ಕಂಪ್ಯೂಟರೇ ಓದಿ ಟಿಬಿ ಅನುಮಾನ ಇದೆ, ಇಲ್ಲ ಅನ್ನುತ್ತದೆ. ಅಂಥದೊಂದು ಶಿಬಿರಕ್ಕೆ ನಾವು ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಹೋದೆವು. ವರ್ಷದಿಂದ ಬಿಡದ ಕೆಮ್ಮು. ಕಂಪ್ಯೂಟರು ಅವರ ಎದೆಯ ಚಿತ್ರದ ಮೇಲೆ ಕೆಂಪು ಗುರುತು ಹಾಕಿತು. ಕೂತಿದ್ದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಅವರು ಗುರುತನ್ನು ನೋಡಿದರು, ಆಮೇಲೆ ದೊಡ್ಡಪ್ಪನ ಅಂಗೈ ನೋಡಿದರು.

'ಏನ್ ಕೆಲಸ ಮಾಡ್ತಿದ್ರಿ ಯಜಮಾನ್ರೇ?'

'ಕಲ್ ಕೆಲ್ಸ ಬುದ್ಧಿ.'

'ಬುದ್ಧಿ ಗಿದ್ಧಿ ಬೇಡ. ಎಷ್ಟು ವರ್ಷ?'

'ಇಪ್ಪತ್ ವರ್ಸ ಆಗದ ಸ್ವಾಮಿ. ಕರಿಕಲ್ ಕ್ವಾರೀಲಿ.'

ಡಾಕ್ಟರು ನಮ್ಮ ಕಡೆ ತಿರುಗಿ ಹೇಳಿದರು. 'ಇದು ಟಿಬಿ ಇರಬಹುದು ಅಂತಿದೆ. ಕಲ್ಲುಧೂಳು ಕುಡಿದ ಎದೆಯೂ ಚಿತ್ರದಲ್ಲಿ ಹೀಗೇ ಕಾಣಬಹುದು. ಇವರು ಕಲ್ಲು ಒಡೆದವರು ಅಂತ ಇದಕ್ಕೆ ಯಾರೂ ಹೇಳಿಲ್ಲ. ಕಫ ಕೊಟ್ಟು ಹೋಗಿ. ಹೇಳೋದು ಕಫ.'

ಕಫದಲ್ಲಿ ಟಿಬಿ ಇರಲಿಲ್ಲ. ಧೂಳಿನ ರೋಗ. ಅದನ್ನು ವಾಸಿ ಮಾಡುವ ಮದ್ದಿಲ್ಲ, ದೊಡ್ಡಪ್ಪ ಇನ್ನೂ ಕೆಮ್ಮುತ್ತಲೇ ಇದ್ದಾರೆ. ಆದರೆ ಇಲ್ಲದ ಟಿಬಿಗೆ ಆರು ತಿಂಗಳು ಗುಳಿಗೆ ನುಂಗುವುದು ತಪ್ಪಿತು. ಯಂತ್ರವನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಎಕ್ಸ್‌ರೇ ಓದುವ ತಜ್ಞರು ಇಲ್ಲದ ಕಡೆ ಇಂಥ ಕಂಪ್ಯೂಟರನ್ನು 15 ವರ್ಷ ಮೇಲ್ಪಟ್ಟವರ ಟಿಬಿ ತಪಾಸಣೆಗೆ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿದೆ. ಬೆಟ್ಟದ ಅಡಿಯ ಹಳ್ಳಿಯಿಂದ ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಅನುಮಾನವನ್ನಾದರೂ ಊರಿನಲ್ಲೇ ಹೇಳಿದರೆ ಒಳ್ಳೆಯದೇ. ಅನುಮಾನ ಪಡುವುದು ಯಂತ್ರದ ಕೆಲಸ, ತೀರ್ಮಾನ ಹೇಳುವುದು ಡಾಕ್ಟರ ಕೆಲಸ. ಆ ಹುಡುಗ ಡಾಕ್ಟರು ಮಾಡಿದ್ದು ಇಷ್ಟೇ. ಆದರೆ ಇಷ್ಟರಲ್ಲೇ ಎಲ್ಲ ಇದೆ.

ಲೋಕದ ದೊಡ್ಡ ದೊಡ್ಡ ವೈದ್ಯರ ಸಂಘಗಳೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿವೆ. 2019ರ ಅಕ್ಟೋಬರಿನಲ್ಲಿ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಸೇರಿದ ವಿಶ್ವ ವೈದ್ಯಕೀಯ ಸಂಘ, ಇದನ್ನು ಕೃತಕ ಬುದ್ಧಿ ಅನ್ನುವ ಬದಲು ವೈದ್ಯರ ಬುದ್ಧಿಗೆ ಒತ್ತಾಸೆಯಾಗುವ ಬುದ್ಧಿ ಅಂತ ಕರೆಯುವುದೇ ಸರಿ ಎಂದಿತು. ಒತ್ತಾಸೆ ಅಂದರೆ ಊರುಗೋಲು. ನಡೆಯುವವರು ಮನುಷ್ಯರೇ. ಅಮೆರಿಕದ ವೈದ್ಯಕೀಯ ಸಂಘ ತನ್ನ ವೈದ್ಯರನ್ನು ಕೇಳಿದಾಗ 2023ರಲ್ಲಿ 100ಕ್ಕೆ 38 ಜನ ತಮ್ಮ ಕೆಲಸದಲ್ಲಿ ಇದನ್ನು ಬಳಸುತ್ತೇವೆ ಎಂದಿದ್ದರು, 2024ರಲ್ಲಿ 66 ಜನ ಎಂದರು. ಒಂದೇ ವರ್ಷ. ಬಳಕೆ ಏರಿದರೂ ಆ ವೈದ್ಯರ ಭಯ ಪೂರ್ತಿ ಹೋಗಿಲ್ಲ. ಇದರ ಮೇಲೆ ಕಣ್ಣಿಡುವವರು ಬೇಕು, ರೋಗಿಯ ಗುಟ್ಟು ಉಳಿಯಬೇಕು, ತಪ್ಪಾದರೆ ಹೊಣೆ ಯಾರದು ಅಂತ ಮೊದಲೇ ಗೊತ್ತಾಗಬೇಕು ಎಂದು ಅವರು ಕೇಳುತ್ತಿದ್ದಾರೆ.

ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ಐಬಿಎಂ ಕಂಪನಿ ವಾಟ್ಸನ್ ಎಂಬ ಯಂತ್ರಬುದ್ಧಿಗೆ ಕ್ಯಾನ್ಸರ್ ಚಿಕಿತ್ಸೆಯ ಪಾಠ ಹೇಳಿಸಿತು. ಮೇಷ್ಟರಾದವರು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ವೈದ್ಯರು. ಬೆಂಗಳೂರಿನ ಮಣಿಪಾಲ ಆಸ್ಪತ್ರೆಯ ಡಾ. ಎಸ್.ಪಿ. ಸೋಮಶೇಖರ್ ಮತ್ತು ಸಂಗಡಿಗರು ಅದನ್ನು ಸುಮ್ಮನೆ ನಂಬಲಿಲ್ಲ, ಪರೀಕ್ಷೆಗೆ ಕೂರಿಸಿದರು. 2014ರಿಂದ 2016ರವರೆಗಿನ 638 ಸ್ತನ ಕ್ಯಾನ್ಸರ್ ಪ್ರಕರಣಗಳನ್ನು ಅದರ ಮುಂದಿಟ್ಟು, ಅದು ಹೇಳಿದ್ದನ್ನೂ ತಮ್ಮ ತಜ್ಞ ಮಂಡಳಿ ಹೇಳಿದ್ದನ್ನೂ ಹೋಲಿಸಿದರು. 2018ರಲ್ಲಿ ಅಚ್ಚಾದ ಅವರ ವರದಿಯಂತೆ 100ಕ್ಕೆ 93 ಪ್ರಕರಣಗಳಲ್ಲಿ ಎರಡೂ ಹೊಂದಿದವು. ಆದರೆ ಒಂದನೇ ಮತ್ತು ನಾಲ್ಕನೇ ಹಂತದ ರೋಗಿಗಳಲ್ಲಿ ಹೊಂದಿಕೆ ಕಡಿಮೆಯಿತ್ತು, ರೋಗಿಯ ವಯಸ್ಸು ಏರಿದಂತೆ ಹೊಂದಿಕೆಯೂ ಬದಲಾಗುತ್ತಿತ್ತು. ಇನ್ನೊಂದು ಮಾತು. ಹೊಂದಿಕೆ ಅಂದರೆ ಇಬ್ಬರೂ ಒಂದೇ ಮಾತು ಹೇಳಿದರು ಅಂತ ಅರ್ಥ. ರೋಗಿ ಬದುಕಿದಳು ಅಂತ ಅರ್ಥವಲ್ಲ. ಅದೇ 2018ರಲ್ಲಿ ಸ್ಟ್ಯಾಟ್ ಎಂಬ ಅಮೆರಿಕದ ಪತ್ರಿಕೆ ಐಬಿಎಂ ಕಂಪನಿಯ ಒಳಕಾಗದಗಳನ್ನು ಹೊರಗೆ ತಂದು, ಈ ಯಂತ್ರ ಕೆಲವು ಕಡೆ ಅಪಾಯದ ಸಲಹೆ ಕೊಟ್ಟಿತ್ತು ಎಂದು ಬರೆಯಿತು. 2022ರಲ್ಲಿ ಐಬಿಎಂ ತನ್ನ ವಾಟ್ಸನ್ ಹೆಲ್ತ್ ವ್ಯಾಪಾರದ ದತ್ತಾಂಶ, ಸಾಫ್ಟ್‌ವೇರ್‌ಗಳನ್ನು ಬೇರೆಯವರಿಗೆ ಮಾರಿತು. ಯಂತ್ರ ಮಾರಾಟವಾಗಿ ಹೋಗಬಹುದು. ಹಾಸಿಗೆಯ ಪಕ್ಕ ನಿಂತವರು ಹಾಗೆ ಎದ್ದು ಹೋಗಲು ಬರುವುದಿಲ್ಲ.

ಇಷ್ಟು ಡಾಕ್ಟರುಗಳ ಮಾತು. ಇನ್ನು ನಮ್ಮ ಕೇರಿಯ ಮಾತು.

ಈ ವಿಚಾರ ಮನೆಯಲ್ಲಿ ಹೇಳಿದಾಗ ನಮ್ಮ ಚಿಕ್ಕವ್ವ ಒಂದು ಮಾತು ಅಂದಳು. 'ಮಿಸನ್ನು ಬೈಯದಿಲ್ವಲ್ಲಪ್ಪ. ಅದೇ ವಾಸಿ.' ಅವಳು ಸುಮ್ಮನೆ ಹೇಳಿದ್ದಲ್ಲ. ಹೆರಿಗೆ ನೋವಿನಲ್ಲಿ ಒಂದು ಆಸ್ಪತ್ರೆಯಲ್ಲಿ ಅವಳು ತಿಂದ ಬೈಗುಳ ಅವಳಿಗೆ ಇಂದಿಗೂ ಬಾಯಿಪಾಠ. 'ಎಷ್ಟು ಹೆರ್ತೀರಿ', 'ಸ್ನಾನ ಮಾಡ್ಕೊಂಡ್ ಬರಬಾರ್ದಾ', 'ಅಲ್ಲೇ ನಿಂತ್ಕೋ'. ಚೀಟಿಯಲ್ಲಿ ಊರಿನ ಹೆಸರು, ಬೀದಿಯ ಹೆಸರು ಬರೆಸುವ ಹೊತ್ತಿಗೇ ಕೆಲವರ ದನಿ ಬದಲಾಗುವುದನ್ನು ನಾವೂ ಕೇಳಿದ್ದೇವೆ. ಯಂತ್ರ ಜಾತಿ ಕೇಳುವುದಿಲ್ಲ, ಮುಖ ಸಿಂಡರಿಸುವುದಿಲ್ಲ. ಚಿಕ್ಕವ್ವನ ಮಾತಿಗೆ ಎರಡು ದಿನ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಅಮೆರಿಕದ ಒಂದು ಅಧ್ಯಯನದಲ್ಲಿ. ಅಲ್ಲಿನ ಆಸ್ಪತ್ರೆಗಳು ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಅಂತ ಗೊತ್ತುಮಾಡಲು ಒಂದು ಯಂತ್ರಲೆಕ್ಕವನ್ನು ಬಳಸುತ್ತಿದ್ದವು. ಅದು ರೋಗಿ ಕರಿಯರೋ ಬಿಳಿಯರೋ ಅಂತ ಕೇಳುತ್ತಲೇ ಇರಲಿಲ್ಲ. ಯಾರಿಗೆ ಚಿಕಿತ್ಸೆಯ ಖರ್ಚು ಹೆಚ್ಚಾಗುತ್ತದೋ ಅವರಿಗೆ ಕಾಯಿಲೆ ಹೆಚ್ಚು ಅಂತ ಲೆಕ್ಕ ಹಿಡಿಯುತ್ತಿತ್ತು. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಜಿಯಾದ್ ಒಬರ್ಮೇಯರ್ ಎಂಬ ವೈದ್ಯ ಮತ್ತು ಸಂಗಡಿಗರು ಇದರ ಬಣ್ಣ ಬಯಲು ಮಾಡಿದರು. ಕರಿಯರಿಗೆ ಕಾಯಿಲೆ ಅಷ್ಟೇ ಇದ್ದರೂ ಅವರ ಮೇಲೆ ಆಗುವ ಖರ್ಚು ಕಡಿಮೆ, ಆಸ್ಪತ್ರೆ ಅವರಿಗೆ ದೂರ. ಹಾಗಾಗಿ ಯಂತ್ರ ಅವರನ್ನು ಆರೋಗ್ಯವಂತರು ಎಂದಿತು. ಹೆಚ್ಚಿನ ಆರೈಕೆಗೆ ಆಯ್ಕೆಯಾದವರಲ್ಲಿ ಕರಿಯರು 100ಕ್ಕೆ 17.7 ಮಾತ್ರ ಇದ್ದರು. ತಾರತಮ್ಯ ತೆಗೆದು ಲೆಕ್ಕ ಹಾಕಿದರೆ 46.5 ಇರಬೇಕಿತ್ತು.

ಇದನ್ನು ನಮ್ಮ ಕೇರಿಗೆ ತಂದು ನೋಡಿ. ನಮ್ಮವ್ವ ಇಡೀ ಜೀವಮಾನದಲ್ಲಿ ಆಸ್ಪತ್ರೆಗೆ ಖರ್ಚು ಮಾಡಿದ್ದು ಎಷ್ಟು? ಚೆಂಡುಹೂ ಬಿಡಿಸಲು ಹೋಗಿ ಬಿದ್ದು ಸೊಂಟ ಹಿಡಿದುಕೊಂಡಾಗ ಒಂದು ಮುಲಾಮು. ಜ್ವರಕ್ಕೆ ಅಂಗಡಿಯ ಗುಳಿಗೆ. ಅರಿಶಿನದ ಹೊಲದಲ್ಲಿ ಕಾಲು ಕೊಯ್ದುಕೊಂಡಾಗ ಅರಿಶಿನವೇ ಮದ್ದು. ಯಾವ ಕಂಪ್ಯೂಟರಿನಲ್ಲೂ ಅವಳ ಒಂದು ಕಾಗದವೂ ಇಲ್ಲ. ಆ ಲೆಕ್ಕದಂತೆ ನಮ್ಮವ್ವನಷ್ಟು ಆರೋಗ್ಯವಂತೆ ಈ ತಾಲ್ಲೂಕಿನಲ್ಲೇ ಇಲ್ಲ! ಜಾತಿಯನ್ನು ಕೇಳದೆಯೇ ಜಾತಿ ಮಾಡುವುದು ಹೀಗೆ. ಬೈಯುವ ನರ್ಸಮ್ಮನ ಮುಖ ನೋಡಿ ನಾವು ಜಗಳಕ್ಕಾದರೂ ನಿಲ್ಲಬಹುದು. ಸುಮ್ಮನಿರುವ ಲೆಕ್ಕದ ಜೊತೆ ಜಗಳ ಆಡುವುದು ಹೆಂಗೆ?

ಇನ್ನೂ ಒಂದು ನೋಡಿ. ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಆಕ್ಸಿಮೀಟರು ಎಲ್ಲರ ಮನೆಯ ಮಾತಾಯಿತು. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ವಿಚಾರ ಪ್ರಕಟಿಸಿದರು. ಈ ಪುಟ್ಟ ಯಂತ್ರ 92ರಿಂದ 96 ಅಂತ ತೋರಿಸುತ್ತಿದ್ದಾಗ, ರಕ್ತ ತೆಗೆದು ನೋಡಿದರೆ ನಿಜವಾಗಿ 88ಕ್ಕಿಂತ ಕೆಳಗಿಳಿದಿದ್ದವರು ಬಿಳಿಯರಲ್ಲಿ 100ಕ್ಕೆ 3.6, ಕರಿಯರಲ್ಲಿ 11.7. ಬೆಳಕು ಚರ್ಮ ದಾಟಿ ಹೋಗುವುದನ್ನು ಅಳೆಯುವ ಯಂತ್ರ ಅದು. ಚರ್ಮದ ಬಣ್ಣ ಗಾಢವಾದಂತೆ ಅದರ ಅಳತೆ ಮೋಸ ಹೋಗಬಹುದು. ಬಿಸಿಲಿನಲ್ಲಿ ಬೆಂದ ನಮ್ಮ ಬೆರಳುಗಳನ್ನು ಈಗ ಒಂದು ಸಲ ನೋಡಿಕೊಳ್ಳಿ.

ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡುಗೋಲು ರಕ್ತಕಣದ ರೋಗ, ಸಿಕಲ್ ಸೆಲ್ ಅನ್ನೋದು, ಇದೆ. 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅಂಥವರು ಹಾಡಿಗಳಲ್ಲಿ ನಡೆದು, ಜನರ ಜೊತೆ ಕೂತು ಈ ಕಾಡಿನ ವೈದ್ಯ ಮಾಡಿದರು. ಈ ರೋಗವಿದ್ದವರಿಗೆ ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ನಂಬಿಕೆಗೆ ಬರುವುದಿಲ್ಲ. ರಕ್ತಕಣ ಬೇಗ ಸಾಯುವುದರಿಂದ ಸಕ್ಕರೆ ಇದ್ದರೂ ಕಡಿಮೆ ತೋರಿಸಬಹುದು. ಸೋಲಿಗರ ಹಾಡಿ ಗೊತ್ತಿರುವ ಡಾಕ್ಟರು ಇದನ್ನು ನೆನೆದು ಬೇರೆ ಪರೀಕ್ಷೆ ಬರೆಯುತ್ತಾರೆ. ಪಟ್ಟಣದ ದಾಖಲೆ ಉಂಡು ಬೆಳೆದ ಯಂತ್ರಕ್ಕೆ ಯಾರಾದರೂ ಕಲಿಸಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಕಲಿಸಿದ್ದಾರೋ ಇಲ್ಲವೋ ಅಂತ ಕೇಳಬೇಕಾದವರು ನಾವು.

ಹಾಗಾದರೆ ಯಂತ್ರ ಸರಿಯಾಗಿಯೇ ಹೇಳಿಬಿಟ್ಟರೆ ಸಾಕೇ? ಸಾಲದು. ಇದನ್ನು ನಮಗೆ ಕಲಿಸಿದವರು ಬಾಬಾಸಾಹೇಬರು. ಅವರು 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ನೆನಪಿನ ಬರಹದಲ್ಲಿ, 1929ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಅಚ್ಚಾದ ಒಂದು ಕಾಗದವನ್ನು ಎತ್ತಿಕೊಟ್ಟಿದ್ದಾರೆ. ಬರೆದವನು ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮೇಷ್ಟರು. ಅವನ ಹೆಂಡತಿ ಹೆತ್ತು ಎರಡು ದಿನಕ್ಕೆ ಉಸಿರಾಟಕ್ಕೆ ಕಷ್ಟಪಟ್ಟಳು. ಡಾಕ್ಟರು ಕೇರಿಗೆ ಬರುವುದಿಲ್ಲ ಎಂದ. ಊರಿನ ದೊಡ್ಡವರ ಕಾಲು ಹಿಡಿದು, 2 ರೂಪಾಯಿ ಫೀಸಿಗೆ ಜಾಮೀನು ಕೊಡಿಸಿದ ಮೇಲೆ, ಬಾಣಂತಿಯನ್ನು ಕೇರಿಯ ಹೊರಗೆ ತಂದರೆ ನೋಡುತ್ತೇನೆ ಎಂದ. ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ. ಅವನು ಗಂಡನಿಗೆ ಕೊಟ್ಟ. ಗಂಡ ಹೆಂಡತಿಗೆ ಇಟ್ಟ. ಅದೇ ದಾರಿಯಲ್ಲಿ ಅದು ವಾಪಸು ಹೋಯಿತು. ಡಾಕ್ಟರು ದೀಪದ ಬೆಳಕಿನಲ್ಲಿ ಅದನ್ನು ನೋಡಿ ನ್ಯುಮೋನಿಯಾ ಎಂದು ಹೇಳಿ, ಔಷಧಿ ಕಳಿಸಿ ಹೊರಟುಹೋದ. ಮತ್ತೆ ನೋಡಲು ಬರಲಿಲ್ಲ. ಆ ತಾಯಿ ಸತ್ತಳು.

ಗೆಳೆಯರೇ, ಇದನ್ನು ನಾವೆಲ್ಲ ಅಸ್ಪೃಶ್ಯತೆಯ ಕಥೆಯಾಗಿ ಓದಿದ್ದೇವೆ. ಈಗ ಇನ್ನೊಂದು ಸಲ ಓದಿ. ಥರ್ಮಾಮೀಟರು ಅಲ್ಲಿ ಸುಳ್ಳು ಹೇಳಲಿಲ್ಲ. ಅದು ಅವಳ ಜಾತಿಯನ್ನೂ ಕೇಳಲಿಲ್ಲ. ಅವಳ ಮೈಯನ್ನು ಮುಟ್ಟಿದ್ದು ಗಂಡನನ್ನು ಬಿಟ್ಟರೆ ಅದೊಂದೇ! ರೋಗದ ಹೆಸರೂ ಬಹುಶಃ ಸರಿಯಾಗಿಯೇ ಇತ್ತು. ಆದರೂ ಅವಳು ಉಳಿಯಲಿಲ್ಲ. ಯಾಕೆಂದರೆ ಆ ಅಂಕಿಯ ಹಿಂದೆ, ಇವಳು ನನ್ನ ರೋಗಿ, ಇವಳಿಗೆ ಏನಾದರೂ ಆದರೆ ನಾನು ಉತ್ತರ ಹೇಳಬೇಕು ಅನ್ನುವ ಮನುಷ್ಯ ಇರಲಿಲ್ಲ. ಉಪಕರಣವನ್ನು ದೂರದಲ್ಲಿ ನಿಲ್ಲುವುದಕ್ಕೆ ಬಳಸಬಹುದು, ಹತ್ತಿರ ಬರುವುದಕ್ಕೂ ಬಳಸಬಹುದು. ಕೈಯಲ್ಲಿ ಹಿಡಿದವರು ಯಾವ ಕಡೆ ನಡೆಯುತ್ತಾರೆ ಅನ್ನೋದೇ ಪ್ರಶ್ನೆ.

ಉತ್ತರ ಹೇಳುವವರು ಇಲ್ಲದಿದ್ದರೆ ಏನಾಗುತ್ತದೆ ಅಂತ ಚಾಮರಾಜನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2021ರ ಮೇ 2ರ ರಾತ್ರಿಯಿಂದ 3ರ ನಡುವೆ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಆಮ್ಲಜನಕ ಸಾಲದೆ ಸತ್ತವರು ಮೂವರೇ ಎಂದು ಸರ್ಕಾರದ ಮಾತು ಮೊದಲು ಬಂತು. ಸಿಲಿಂಡರು ಯಾಕೆ ಬರಲಿಲ್ಲ ಅಂತ ಮೈಸೂರು ಮತ್ತು ಚಾಮರಾಜನಗರದ ನಡುವೆ ವಾಗ್ವಾದ ನಡೆಯಿತು. ಕೊನೆಗೆ ಹೈಕೋರ್ಟು ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ ಆಮ್ಲಜನಕದ ಕೊರತೆಯನ್ನೇ ಎತ್ತಿ ಹೇಳಿತು. ಆ ರಾತ್ರಿ ಯಾವ ಕೃತಕ ಬುದ್ಧಿಯೂ ಇರಲಿಲ್ಲ. ಎಲ್ಲರೂ ಮನುಷ್ಯರೇ, ಕುರ್ಚಿ ಇದ್ದವರು, ಫೋನ್ ಇದ್ದವರು, ಸಹಿ ಇದ್ದವರು. ಹೆಸರು, ಹುದ್ದೆ ಇದ್ದವರಿಂದಲೇ ಉತ್ತರ ತೆಗೆಯಲು ಕೋರ್ಟಿಗೆ ಹೋಗಬೇಕಾಯಿತು. ನಾಳೆ 'ಕಂಪ್ಯೂಟರ್ ಹಂಗೆ ತೋರಿಸ್ತು, ನಾವೇನ್ ಮಾಡಾಣ' ಅಂದರೆ ಯಾರ ಮೇಲೆ ಕೇಸು ಹಾಕುತ್ತೀರಿ? ಯಂತ್ರಕ್ಕೆ ಜೈಲಿದೆಯೇ? ಅದಕ್ಕೆ ನಾಚಿಕೆ ಇದೆಯೇ?

ಇದರ ಎದುರು ಒಂದು ಒಳ್ಳೆಯ ಮಾದರಿಯನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಅಂಚಿನ ಗಾಜನೂರಿನ ಡಾ. ರಾಜಕುಮಾರರ ಮಗ ಪುನೀತ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೃದಯ ನಿಂತು ಹೋದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಘೋಷಿಸಿತು. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ತೆಗೆಯುತ್ತಾರೆ. ಕೃತಕ ಬುದ್ಧಿ ಅದನ್ನು ಬೇಗ ಓದಲು ನೆರವಾಗುತ್ತದೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ಕಡೆಯಿಂದ ತಜ್ಞರ ಮಾತು ಕೆಲವೇ ನಿಮಿಷಗಳಲ್ಲಿ ಬರುತ್ತದೆ. ಹೃದಯಾಘಾತ ಹೌದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ, ಕಾಸಿಲ್ಲದೆ ಕೊಡಬೇಕು. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಕೂಲಿಯವನ ಎದೆಗೆ ಇಷ್ಟು ಬೆಲೆಯ ಮದ್ದು ಊರಿನ ಹತ್ತಿರವೇ ಸಿಗುವುದು ಸಣ್ಣ ಮಾತಲ್ಲ. ಇಲ್ಲಿ ಯಂತ್ರ ಡಾಕ್ಟರನ್ನು ಹತ್ತಿರ ತರುತ್ತದೆ. ಓದಿದ್ದಕ್ಕೆ ಹೊಣೆಗಾರರಿದ್ದಾರೆ, ಕೊಡಲು ಔಷಧಿಯೂ ಇದೆ. ಮೂರರಲ್ಲಿ ಯಾವೊಂದು ತಪ್ಪಿದರೂ ಉಳಿಯುವುದು ಬರೀ ಗೆರೆ ಬರೆದ ಕಾಗದ.

ನಮ್ಮ ಪರಿಚಯದ ಒಬ್ಬ ಡಾಕ್ಟರಕ್ಕ ಇದ್ದಾರೆ. ನಮ್ಮ ಕೇರಿಯಂಥದೇ ಕೇರಿಯಿಂದ ಬಂದವರು, ಮೀಸಲಾತಿಯಲ್ಲಿ ಸೀಟು ಪಡೆದವರು. ಓದುವಾಗ 'ಕೋಟಾ ಡಾಕ್ಟರ್' ಅನ್ನಿಸಿಕೊಂಡು ಓದಿದವರು. ಅವರು ಹೇಳಿದ ಮಾತು ಇದು. 'ನಾನು ಯಂತ್ರ ಬಳಸ್ತೀನಿ. ಮೊದಲು ನಾನು ನೋಡಿ ನನ್ನ ಮನಸ್ಸಲ್ಲಿ ಒಂದು ತೀರ್ಮಾನ ಮಾಡ್ಕೋತೀನಿ, ಆಮೇಲೆ ಅದು ಏನಂತದೆ ನೋಡ್ತೀನಿ. ಮೊದಲೇ ಅದನ್ನ ನೋಡಿಬಿಟ್ರೆ ನನ್ ಕಣ್ಣು ಸೋಮಾರಿ ಆಯ್ತದೆ.' ಇದು ಬರೀ ಅವರ ಭಯವಲ್ಲ. 2025ರಲ್ಲಿ ಪೋಲೆಂಡಿನ ನಾಲ್ಕು ಕೇಂದ್ರಗಳ ಅಧ್ಯಯನ 'ಲ್ಯಾನ್ಸೆಟ್' ಬಳಗದ ಪತ್ರಿಕೆಯಲ್ಲಿ ಬಂತು. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ಗಂಟು ಹುಡುಕುವ ಡಾಕ್ಟರುಗಳು ಕೆಲವು ತಿಂಗಳು ಯಂತ್ರದ ಜೊತೆ ಕೆಲಸ ಮಾಡಿದ ಮೇಲೆ, ಯಂತ್ರವಿಲ್ಲದೆ ಮಾಡಿದ ತಪಾಸಣೆಗಳಲ್ಲಿ ಗಂಟು ಪತ್ತೆಯಾಗುವುದು 100ಕ್ಕೆ 28.4ರಿಂದ 22.4ಕ್ಕೆ ಇಳಿದಿತ್ತು. ಊರುಗೋಲಿಗೆ ಒಗ್ಗಿದ ಕಾಲು ಕೋಲಿಲ್ಲದೆ ತಡವರಿಸಿತು. ಅಲ್ಲಿ ಕರೆಂಟು ಹೋಗುವುದಿಲ್ಲ. ಬಂಡೀಪುರದ ಅಂಚಿನ ನಮ್ಮ ಊರುಗಳಲ್ಲಿ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಆಗ ಉಳಿಯುವುದು ಡಾಕ್ಟರ ಕೈ, ಕಿವಿ, ಕಣ್ಣು. ಅದು ಸೋಮಾರಿಯಾಗಿದ್ದರೆ ನಮ್ಮ ಗತಿ?

ಡಾಕ್ಟರಕ್ಕ ಇನ್ನೊಂದು ಮಾತೂ ಹೇಳಿದರು. 'ನಮ್ಮ ಮಕ್ಕಳು ಸ್ಟೆತಾಸ್ಕೋಪ್ ಹಿಡಿಯೋ ಹೊತ್ತಿಗೆ, ಡಾಕ್ಟರ್ ಯಾಕೆ ಯಂತ್ರ ಇದೆಯಲ್ಲ ಅಂತಾರೆ ನೋಡು.' ಈ ಮಾತು ನಮ್ಮನ್ನು ಚುಚ್ಚಿದೆ. ಖಾಲಿ ಇರುವ ಡಾಕ್ಟರ ಕುರ್ಚಿಯ ಮೇಲೆ ಯಂತ್ರವನ್ನು ಕೂರಿಸಿ, ಹುದ್ದೆ ತುಂಬಿತು ಅಂತ ಲೆಕ್ಕ ಬರೆಯುವ ದಿನ ಬರಬಾರದು. ಪಟ್ಟಣದ ಉಳ್ಳವರಿಗೆ ಯಂತ್ರವೂ ಡಾಕ್ಟರೂ, ಹಳ್ಳಿಯ ನಮಗೆ ಯಂತ್ರ ಮಾತ್ರ ಅನ್ನುವ ಹಂಚಿಕೆಗೆ ಹಳೆಯ ಹೆಸರೊಂದಿದೆ. ಅದು ನಮಗೆಲ್ಲ ಗೊತ್ತು.

ನಮ್ಮ ದೇಶದಲ್ಲಿ ಇದಕ್ಕೆ ನಿಯಮವೇ ಇಲ್ಲ ಅಂತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಗೆ ನೈತಿಕ ಮಾರ್ಗಸೂಚಿ ಹೊರಡಿಸಿದೆ. ಹೊಣೆಗಾರಿಕೆ, ತಾರತಮ್ಯ ಮಾಡದಿರುವುದು, ಎಲ್ಲರಿಗೂ ಎಟುಕುವುದು, ದತ್ತಾಂಶದ ಗುಟ್ಟು, ಎಲ್ಲ ಅದರಲ್ಲಿವೆ. 2023ರದ್ದೇ ಇನ್ನೊಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಪ್ಪಿಗೆ ಕೇಳುವಾಗ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ವಿವರ ಸಿಗಬೇಕು ಅನ್ನುತ್ತದೆ. ಅಂದರೆ ಕನ್ನಡದಲ್ಲಿ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಆದರೆ ಮಾರ್ಗಸೂಚಿ ಕಾನೂನಲ್ಲ, ಕಾನೂನೂ ತಾನಾಗಿ ನಮ್ಮ ಕೇರಿಗೆ ನಡೆದು ಬರುವುದಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲೇ ತೆಗೆದುಹಾಕಿತು. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳು ನೀರು ಕುಡಿದಳು ಅಂತ ತೊಂಬೆ ಖಾಲಿ ಮಾಡಿ ಗೋಮೂತ್ರದಿಂದ ತೊಳೆದ ಸುದ್ದಿ ಓದಿದ್ದೇವಲ್ಲ! ಕೇಳುವವರಿದ್ದರೆ ಮಾತ್ರ ಕಾನೂನು ಮಾತಾಡುತ್ತದೆ.

ಅದಕ್ಕೆ ಸಂಗಾತಿಗಳೇ, ಮೇಷ್ಟರುಗಳೇ, ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ, ಶಿಬಿರಕ್ಕೆ ಇಂಥ ಯಂತ್ರ ಬಂದ ದಿನ ಓಡಿಸಬೇಡಿ, ಕೈಯನ್ನೂ ಮುಗಿಯಬೇಡಿ. ಐದು ಪ್ರಶ್ನೆ ಕೇಳಿ. ಒಂದು, ಈ ಯಂತ್ರ ಹೇಳಿದ್ದನ್ನು ನೋಡಿ ತೀರ್ಮಾನ ಮಾಡುವ ಡಾಕ್ಟರು ಯಾರು, ಚೀಟಿಯ ಮೇಲೆ ಅವರ ಸಹಿ ಇರುತ್ತದೆಯೇ? ಎರಡು, ಇದು ಕಲಿತದ್ದು ಯಾರ ಮೈಯಿಂದ, ನಮ್ಮಂಥ ಕೂಲಿಯವರ, ಕಲ್ಲು ಒಡೆಯುವವರ, ಸೋಲಿಗರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದೀರಾ? ಮೂರು, ಬೇಡ ಅಂದರೆ ಡಾಕ್ಟರು ಯಂತ್ರವಿಲ್ಲದೆ ನೋಡುತ್ತಾರೆಯೇ? ನಾಲ್ಕು, ನಮ್ಮ ಎದೆಯ ಚಿತ್ರ, ನಮ್ಮ ರಕ್ತದ ಲೆಕ್ಕ ಯಾವ ಕಂಪನಿಗೆ ಹೋಗುತ್ತದೆ, ಕನ್ನಡದಲ್ಲಿ ಬರೆದು ಕೊಡುತ್ತೀರಾ? ಐದು, ಇದು ರೋಗ ಇದೆ ಅಂದ ಮೇಲೆ ಮುಂದಿನ ಪರೀಕ್ಷೆ, ಔಷಧಿ ಎಲ್ಲಿ, ಖರ್ಚು ಯಾರದು?

ಬಾಯಿಮಾತಿಗೆ ಉತ್ತರ ಬರದಿದ್ದರೆ ಗ್ರಾಮಸಭೆಯಲ್ಲಿ ಕೇಳಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಬರೆಯಿರಿ, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಹೈಸ್ಕೂಲಿನ ಮಕ್ಕಳಿಂದ ಈ ಐದು ಪ್ರಶ್ನೆಯನ್ನು ಗೋಡೆಯ ಮೇಲೆ ಬರೆಸಿ. ಉತ್ತರ ಬಂದಾಗ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಉತ್ತರ ಕೊಟ್ಟವರ ಹೆಸರು, ಹುದ್ದೆ, ತಾರೀಖು, ಮೂರನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.